ಅಮ್ಮನ ಹೆಗಲ ಮೇಲಿನಿಂದ ಕಂಡ ದಾರಿ

ಸಂಕ್ರಾಂತಿ ಕಳೆದು ಮಾವು ಹೂ ಬಿಡುವ ದಿನಗಳಲ್ಲಿ ಬೆಳಗಿನ ಐದು ಗಂಟೆಗೆ ಸೈಕಲ್ಲನ್ನು ಹೊರಗೆ ತೆಗೆದರೆ, ಕಣ್ಣಿಗೆ ದಾರಿ ಕಾಣುವ ಮೊದಲೇ ಮೂಗಿಗೆ ತೋಪು ಸಿಗುತ್ತದೆ. ಇಬ್ಬನಿಯಲ್ಲಿ ನೆಂದ ಮಾವಿನ ಹೂವಿನ ವಾಸನೆ ಅದು. ಜೇನಿನ ಸಿಹಿಗೂ ಹಸಿ ಎಲೆಯ ಒಗರಿಗೂ ನಡುವೆ ಎಲ್ಲೋ ನಿಂತು, ಗಂಟಲಿಗೆ ಸಣ್ಣಗೆ ಅಂಟಿಕೊಳ್ಳುತ್ತದೆ. ನಾನು ನರಸಾಪುರದ ಒಂದು ಕಾರ್ಖಾನೆಗೆ ಮೊದಲ ಪಾಳಿಗೆ ಹೋಗುವವಳು. ಬಾಡಿಗೆ ಮನೆಯಿರುವ ಹಳ್ಳಿಯಿಂದ ಅಲ್ಲಿಗೆ ಮೂರು ಮೈಲಿ. ಕಂಪನಿಯ ಬಸ್ಸು ಆ ಹಳ್ಳಿಯ ಬಾಗಿಲಿಗೇ ಬರುತ್ತದೆ, ಆದರೂ ಸೈಕಲ್ಲಿನಲ್ಲೇ ಹೋಗುತ್ತೇನೆ. ಜೊತೆಯ ಹುಡುಗಿಯರು ಬಸ್ಸಿನ ಕಿಟಕಿಯಿಂದ ಕೈಬೀಸಿ ಮುಂದೆ ಹೋಗುತ್ತಾರೆ. ಅವರ ಲೆಕ್ಕದಲ್ಲಿ ನನಗೆ ವ್ಯಾಯಾಮದ ಹುಚ್ಚು. ಬಸ್ಸಿನ ಹಿಂಬದಿಯ ಕೆಂಪು ದೀಪ ಮಂಜಿನೊಳಗೆ ಕರಗಿಹೋದ ಮೇಲೆ ಚೈನಿನ ಸಣ್ಣ ಸದ್ದೊಂದೇ ಉಳಿಯುತ್ತದೆ. ತಣ್ಣನೆಯ ಗಾಳಿ ಕಿವಿಯ ಸುತ್ತ ಸುಳಿದು ಹೋಗುವ ಆ ಹೊತ್ತಿನಲ್ಲಿ ನನಗೆ ನಲವತ್ತು ಹತ್ತಿರವಾಯಿತು ಎಂಬುದು ಮರೆತೇ ಹೋಗುತ್ತದೆ. ಎಂಟು ವರ್ಷದವಳಾಗಿ, ಇನ್ನೊಂದು ಸೈಕಲ್ಲಿನ ಹಿಂದೆ, ಇನ್ನೊಂದು ದಾರಿಯಲ್ಲಿ ಹೋಗುತ್ತಿರುತ್ತೇನೆ. ನಿಮಗೂ ಅಂಥದೊಂದು ದಾರಿ ಇದ್ದೀತು. ಈಗ ಯಾವ ಬಸ್ಸೂ ಹೋಗದ ದಾರಿ.

ನಮ್ಮ ಮನೆ ಇದ್ದದ್ದು ಮುಳಬಾಗಿಲಿನಿಂದ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿ, ರಸ್ತೆಯ ಅಂಚಿಗೇ. ಮುಂದೆ ಕಲ್ಲುಚಪ್ಪಡಿಯ ಜಗಲಿ, ಒಳಗೆ ಎರಡು ಕೋಣೆ, ಹಿಂದೆ ಒಂದು ನುಗ್ಗೆಮರ. ಅಪ್ಪ ಟೊಮೆಟೊ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿದ್ದರೆ ಹೆಚ್ಚು. ಬಂದಾಗ ಅವನ ಅಂಗಿಯಲ್ಲಿ ಯಾವ್ಯಾವುದೋ ಊರಿನ ಧೂಳಿನ ವಾಸನೆ ಇರುತ್ತಿತ್ತು. ಮನೆಯಲ್ಲಿ ಸದಾ ಇರುತ್ತಿದ್ದವರು ನಾನು, ಅಮ್ಮ, ಮತ್ತು ಅಮ್ಮನ ತಾಯಿ. ಅಜ್ಜಿಯನ್ನು ನಾನು ಜೇಜಿ ಎನ್ನುತ್ತಿದ್ದೆ. ಜೇಜಿಯದು ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನ ಕಡೆ. ಮಾತೆಲ್ಲ ತೆಲುಗು, ಬೈಗುಳ ಮಾತ್ರ ಕನ್ನಡ. ಅವಳಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಹಗಲೆಲ್ಲ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತ, ಹೆಜ್ಜೆಯ ಸದ್ದಿನಲ್ಲೇ ಊರಿನವರನ್ನು ಗುರುತಿಸಿ ಕರೆಯುತ್ತಿದ್ದಳು. ಜೇಜಿಗೆ ಯಾಕೆ ಕಣ್ಣು ಕಾಣುವುದಿಲ್ಲ ಎಂದು ನಾನು ಕೇಳಿದಾಗೆಲ್ಲ ಅಮ್ಮ, "ವಯಸ್ಸಾಯ್ತಲ್ಲ" ಎಂದು ಮುಗಿಸಿಬಿಡುತ್ತಿದ್ದಳು. ವಯಸ್ಸಾದರೆ ಕಣ್ಣು ಹೋಗುತ್ತದೆ, ಕೂದಲು ಬೆಳ್ಳಗಾಗುತ್ತದೆ, ಇಷ್ಟೇ ಎಂದು ನಾನೂ ಅಂದುಕೊಂಡಿದ್ದೆ.

ಅಮ್ಮ ಮುಳಬಾಗಿಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಹಂಗಾಮಿ ಕೆಲಸ. ಅರವತ್ತು ಹುಡುಗಿಯರು ಏಳೂವರೆಗೆ ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದರಿಂದ ಐದೂಕಾಲಿಗೆಲ್ಲ ಒಲೆ ಹತ್ತಬೇಕಿತ್ತು, ನಮ್ಮೂರಿನ ಮೊದಲ ಬಸ್ಸು ಬರುತ್ತಿದ್ದದ್ದೇ ಏಳಕ್ಕೆ. ಹಾಗಾಗಿ ಸೈಕಲ್. ಯಾರೋ ಟೀಚರು ಬಳಸಿ ಬಿಟ್ಟಿದ್ದ ಲೇಡೀಸ್ ಸೈಕಲ್ಲು ಅದು, ಹಸಿರು ಬಣ್ಣದ್ದು. ಹಿಂದಿನ ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಿಸಿ ಹಾಕಿ ಹಗ್ಗ ಬಿಗಿದರೆ ಅದು ನನ್ನ ಸಿಂಹಾಸನ. ನಾಲ್ಕೂವರೆಗೆ ಅಮ್ಮ ನನ್ನನ್ನು ಎಬ್ಬಿಸಿ, ಮುಖ ತೊಳೆಸಿ, ಅಪ್ಪನ ಮಫ್ಲರನ್ನು ತಲೆಗೆ ಸುತ್ತಿ ಕೂರಿಸುತ್ತಿದ್ದಳು. ಜೇಜಿ ಮಲಗಿದ್ದಲ್ಲಿಂದಲೇ "ಭದ್ರಂ ತಲ್ಲಿ" ಎನ್ನುತ್ತಿದ್ದಳು. ಹುಷಾರು ಕಂದ ಎಂದು ಅದರ ಅರ್ಥ. ಅದನ್ನು ಅವಳು ಅಮ್ಮನಿಗೆ ಹೇಳುತ್ತಿದ್ದಳೋ ನನಗೋ ಗೊತ್ತಿಲ್ಲ.

ಊರು ದಾಟುತ್ತಿದ್ದಂತೆ ನಮ್ಮ ಆಟ ಶುರುವಾಗುತ್ತಿತ್ತು. ನಾನು ಕ್ಯಾರಿಯರಿನ ಮೇಲೆ ಮಂಡಿಯೂರಿ, ಅಮ್ಮನ ಎರಡೂ ಹೆಗಲು ಹಿಡಿದು, ಬಲ ಹೆಗಲ ಮೇಲೆ ಗದ್ದ ಇಟ್ಟು, ಕಂಡದ್ದನ್ನೆಲ್ಲ ಅವಳ ಕಿವಿಯಲ್ಲಿ ಹೇಳಬೇಕು. ಅದೇ ಆಟ. "ಎಡಗಡೆ ಗುಂಡಿ." "ಮುಂದೆ ಎಮ್ಮೆ ಮಲಗೈತೆ." "ಮೋರಿ ಬಂತು, ಬಲಕ್ಕೆ ತಿರುಗ್ಸು." ದೂರದ್ದನ್ನು ಹೇಳಿದಷ್ಟೂ ಅಮ್ಮನಿಗೆ ಖುಷಿ. "ಅದರ ಆಚೆಗೆ ಏನೈತೆ ಹೇಳು" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಆಚೆಗೆ ಏನೇನೋ ಇರುತ್ತಿತ್ತು. ಟೊಮೆಟೊ ಹೊಲದಲ್ಲಿ ಗಿಡಗಳಿಗೆ ನೆಟ್ಟ ಕೋಲುಗಳು ಮಂಜಿನಲ್ಲಿ ಸಾಲು ಸಾಲಾಗಿ ನಿಂತು, ಯಾರನ್ನೋ ಕಾಯುವ ಜನರಂತೆ ಕಾಣುತ್ತಿದ್ದವು. ಕೆರೆ ಏರಿಯ ಆ ಬದಿಗೆ ಗುಂಡುಕಲ್ಲುಗಳ ಬೆಟ್ಟ, ಅದರ ನೆತ್ತಿಯ ಮೇಲೆ ಒಂದೇ ಒಂದು ಚುಕ್ಕಿ. ರೇಷ್ಮೆಹುಳು ಸಾಕುವ ಮನೆಯೊಂದರ ಕಿಟಕಿಯಲ್ಲಿ ಹಳದಿ ಬಲ್ಬು ಉರಿಯುತ್ತಿರುತ್ತಿತ್ತು; ಅದರ ಮುಂದೆ ಹಾದುಹೋಗುವಾಗ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳಿಸುತ್ತಿತ್ತು. ಎಲ್ಲವನ್ನೂ ಹೇಳುತ್ತ ಹೇಳುತ್ತ ನನಗೆ ಅರೆನಿದ್ದೆ. ಕೆಲವನ್ನು ಕಂಡು ಹೇಳುತ್ತಿದ್ದೆನೋ, ಹೇಳಿದ ಮೇಲೆ ಅವು ಕಾಣುತ್ತಿದ್ದವೋ, ಈಗ ಖಚಿತವಾಗಿ ಹೇಳಲಾರೆ. ಅಮ್ಮನ ಬೆನ್ನಿನ ಬಿಸಿ, ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ, ಡೈನಮೋ ದೀಪದ ನಡುಗುವ ಬೆಳಕು. ಭೂಮಿಯ ಮೇಲೆ ನಾವಿಬ್ಬರೇ ಎಚ್ಚರವಾಗಿದ್ದೇವೆ ಎನ್ನಿಸುತ್ತಿತ್ತು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೆಲಸ ಮಾಡುತ್ತಿದ್ದವರು ಜಮೀಲಾ. ಊರೊಳಗಿನ ಮಸೀದಿ ಬೀದಿಯವರು, ಅಮ್ಮನಿಗಿಂತ ಹದಿನೈದು ವರ್ಷ ದೊಡ್ಡವರು, ತೂಕದಲ್ಲಿ ಎರಡರಷ್ಟು. ನಾನು ಅವರನ್ನು ಖಾಲಾ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದೆ. ಅವರು ಒಂದು ಕೈಯಲ್ಲಿ ಅವಲಕ್ಕಿ ಜಾಲಿಸುತ್ತ ಇನ್ನೊಂದು ಕೈಯಿಂದ ನನ್ನ ತಣ್ಣನೆಯ ಕೆನ್ನೆಯನ್ನು ಉಜ್ಜಿ ಬಿಸಿ ಮಾಡುತ್ತಿದ್ದರು. ಶಾಲೆಯ ಹೊತ್ತಾಗುವವರೆಗೆ ಒಲೆಯ ಪಕ್ಕದ ಮೂಟೆಗೆ ಒರಗಿ ನಾನು ಇನ್ನೊಂದು ನಿದ್ದೆ ತೆಗೆಯುತ್ತಿದ್ದೆ. ಅಮ್ಮನದು ಒಂದು ಕಟ್ಟುನಿಟ್ಟು: ಹಾಸ್ಟೆಲಿನ ಅನ್ನದ ಒಂದು ಅಗುಳನ್ನೂ ನಾನು ಬಾಯಿಗೆ ಹಾಕಬಾರದು. ಅದು ಆ ಮಕ್ಕಳದ್ದು. ನನ್ನ ಡಬ್ಬಿಯಲ್ಲಿ ಮನೆಯಿಂದ ತಂದ ರಾಗಿರೊಟ್ಟಿ ಇರುತ್ತಿತ್ತು. ಒಂದು ಭಾನುವಾರ ಪೂರಿ ಕರಿಯುವಾಗ ಖಾಲಾ ಒಂದನ್ನು ಸಕ್ಕರೆ ಹಾಕಿ ಮಡಿಸಿ ನನ್ನ ಕೈಗಿತ್ತರು. ಬಾಯಿಗೆ ಇಡುವ ಮುಂಚೆಯೇ ಅಮ್ಮ ಬಂದು ಅದನ್ನು ತೆಗೆದು ತಟ್ಟೆಗೆ ಹಾಕಿದಳು, ಎಲ್ಲರೆದುರಿಗೆ. ತಟ್ಟೆ ಹಿಡಿದು ನಿಂತ ಹುಡುಗಿಯೊಬ್ಬಳು ನಕ್ಕಳು. ಆ ನಗು ಇವತ್ತಿಗೂ ಕಿವಿಯಲ್ಲಿದೆ.

ಮಾರನೆಯ ಬೆಳಿಗ್ಗೆ ನಾನು ಒಂದು ಮಾತೂ ಆಡಬಾರದೆಂದು ತೀರ್ಮಾನಿಸಿದ್ದೆ. ನನಗೆ ಆಗ ಒಂಬತ್ತು ತುಂಬುತ್ತಿತ್ತು. ಸಿಟ್ಟು ಮಾಡಿಕೊಳ್ಳುವುದನ್ನು ಹೊಸದಾಗಿ ಕಲಿತಿದ್ದೆ. ಮಂಜು ಆವತ್ತು ಕೈಗೆ ಸಿಗುವಷ್ಟು ದಟ್ಟವಾಗಿತ್ತು. "ಹೇಳೇ ರತ್ನಿ, ಮುಂದೆ ಏನೈತೆ?" ಎಂದು ಅಮ್ಮ ಕೇಳಿದಳು. ನಾನು ತುಟಿ ಬಿಗಿದುಕೊಂಡೆ. ಸ್ವಲ್ಪ ದೂರ ಹೋಗಿ ಮತ್ತೆ ಕೇಳಿದಳು. ಈ ಸಲ ದನಿ ಸಣ್ಣದಾಗಿತ್ತು. ಸೈಕಲ್ಲು ನಿಧಾನವಾಯಿತು. ಹಿಂದಿನ ಸಂಜೆ ರಸ್ತೆಗೆಂದು ಯಾರೋ ಸುರಿದು ಹೋಗಿದ್ದ ಜಲ್ಲಿಯ ರಾಶಿ ಎಡಗಡೆಯಿಂದ ಅರ್ಧ ದಾರಿಯವರೆಗೂ ಚಾಚಿಕೊಂಡಿತ್ತು. ನನಗೆ ಅದು ಚೆನ್ನಾಗಿಯೇ ಕಾಣಿಸಿತು. ಅಮ್ಮನಿಗೂ ಕಾಣಿಸುತ್ತದೆ, ಆಟದ ನೆಪದಲ್ಲಿ ನನ್ನನ್ನು ಮಾತಾಡಿಸಲು ನೋಡುತ್ತಿದ್ದಾಳೆ ಎಂದುಕೊಂಡೆ. ಅವಳು ನೇರವಾಗಿ ಅದರೊಳಕ್ಕೇ ಹೋದಳು.

ನಾನು ಬಿದ್ದದ್ದು ಅಮ್ಮನ ಮೇಲೆ, ಮಂಡಿ ತರಚಿತು ಅಷ್ಟೇ. ಅಮ್ಮನ ಬಲ ಮಣಿಕಟ್ಟು ಅಡಿಯಲ್ಲಿ ಸಿಕ್ಕಿತ್ತು. ಆದರೆ ಅವಳು ಕೈಯ ಕಡೆ ನೋಡಲೇ ಇಲ್ಲ. ಎಡಗೈಯಿಂದ ತಡವರಿಸಿ ನನ್ನ ಮುಖ ಹುಡುಕಿ ಹಿಡಿದುಕೊಂಡು, "ನಿಂಗೆ ಕಾಣಿಸ್ಲಿಲ್ವೇನೇ? ನಿಜ ಹೇಳು, ಕಾಣಿಸ್ಲಿಲ್ವಾ?" ಎಂದಳು. ಅಂಥ ದನಿಯನ್ನು ನಾನು ಅವಳ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. ಕೈ ಎತ್ತಿ ಬೆರಳು ತೋರಿಸಿ ಎಷ್ಟು ಎಂದು ಕೇಳಿದಳು. ಮೂರು ಎಂದೆ. ಮತ್ತೆ ಬೆರಳು ಬದಲಾಯಿಸಿದಳು. ನಾಲ್ಕು ಎಂದೆ. ಸೈಕಲ್ಲು ಎಲ್ಲಿದೆ, ಮರ ಎಲ್ಲಿದೆ ಎಂದು ಒಂದರ ಮೇಲೊಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. "ಎಲ್ಲಾ ಕಾಣಿಸ್ತೈತಮ್ಮ. ಜಲ್ಲೀನೂ ಕಾಣಿಸ್ತು. ಬೇಕಂತಲೇ ಹೇಳ್ಲಿಲ್ಲ" ಎಂದು ಅತ್ತುಬಿಟ್ಟೆ. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಅಮ್ಮ ನನ್ನನ್ನು ಎದೆಗೆ ಅವುಚಿಕೊಂಡು ಜಲ್ಲಿಯ ಮೇಲೆ ಕೂತೇ ಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಕಾಣಿಸ್ತಲ್ಲಾ, ಸಾಕು ಬಿಡು" ಎಂದಷ್ಟೇ ಅಂದಳು. ತಪ್ಪು ಮಾಡಿದವಳನ್ನು ಯಾಕೆ ಹೀಗೆ ಅಪ್ಪಿಕೊಂಡಳೆಂದು ನನಗೆ ಬಹಳ ವರ್ಷ ಅರ್ಥವಾಗಲಿಲ್ಲ.

ಸೈಕಲ್ಲನ್ನು ನಾನು ತಳ್ಳುತ್ತ, ಅಮ್ಮ ನನ್ನ ಭುಜ ಹಿಡಿದುಕೊಂಡು, ಹಾಸ್ಟೆಲಿಗೆ ನಡೆದೆವು. ಊದಿದ ಕೈಯನ್ನು ನೋಡಿ ಖಾಲಾ ಏನಾಯಿತೆಂದೂ ಕೇಳಲಿಲ್ಲ. ಅಮ್ಮನನ್ನು ಕೂರಿಸಿ, ಅರಿಸಿನದ ಬಟ್ಟೆ ಕಟ್ಟಿ, ಬೆಳಕಾದ ಮೇಲೆ ಆಸ್ಪತ್ರೆಗೆ ಹೋಗಲು ಗಾಡಿ ಗೊತ್ತುಮಾಡಿದರು. ಅಮ್ಮ ಅವರ ಸೆರಗು ಹಿಡಿದುಕೊಂಡು, ಕತ್ತಲಲ್ಲಿ ತನಗೆ ಏನೂ ಕಾಣುವುದಿಲ್ಲ, ಚಿಕ್ಕಂದಿನಿಂದಲೂ ಹೀಗೇ, ವಾರ್ಡನ್ನರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಆಟವೆಂದು ನಾನು ತಿಳಿದಿದ್ದದ್ದು ಆಟವಲ್ಲ ಎಂದು ಗೊತ್ತಾದದ್ದು ಆಗ, ಮೂಟೆಯ ಪಕ್ಕ ನಿಂತು ಕೇಳಿಸಿಕೊಂಡಾಗ. ಖಾಲಾ ಒಲೆಗೆ ಸೌದೆ ನೂಕುತ್ತ ಅಂದರು:

"ಅರೇ ಸರೋಜಾ, ನಂಗೆ ಎರಡು ವರ್ಷದಿಂದ ಗೊತ್ತೈತೆ. ಉಪ್ಪಿನ ಡಬ್ಬಿ ಒಂದು ದಿನ ಆದ್ರೂ ಜಾಗ ಬದಲಾಯ್ಸಿದ್ದೀನಾ ನಾನು?"

ಆ ಅಡುಗೆಮನೆಯಲ್ಲಿ ಪ್ರತಿಯೊಂದೂ ಅದರದರ ಜಾಗದಲ್ಲೇ ಇರುತ್ತಿದ್ದದ್ದು ಖಾಲಾರ ಶಿಸ್ತು ಎಂದು ನಾವೆಲ್ಲ ತಿಳಿದಿದ್ದೆವು.

ಮುರಿದಿದ್ದ ಕೈ ಕೂಡಿದ ಮೇಲೆ ಖಾಲಾ ವಾರ್ಡನ್ನರ ಬಳಿ ಹೋಗಿ, ಬೆಳಗಿನ ಒಲೆ ಇನ್ನು ತನ್ನೊಬ್ಬಳದು, ಸರೋಜಾ ಏಳೂಕಾಲಿಗೆ ಬಂದು ಮಿಕ್ಕದ್ದು ನೋಡಿಕೊಳ್ಳಲಿ, ಇಬ್ಬರು ಒಟ್ಟಿಗಿದ್ದರೆ ಬರೀ ಹರಟೆಯಾಗುತ್ತದೆ ಎಂದು ಜಗಳದ ದನಿಯಲ್ಲಿ ಹೇಳಿ ಒಪ್ಪಿಸಿದರು. ಅಮ್ಮನ ಕೆಲಸ ಉಳಿಯಿತು. ಅವಳು ಬೆಳಕು ಹರಿದ ಮೇಲೆ ಒಬ್ಬಳೇ ಸೈಕಲ್ ತುಳಿದುಕೊಂಡು ಹೋಗತೊಡಗಿದಳು. ನಾನು ಬಸ್ಸಿನಲ್ಲಿ ಶಾಲೆಗೆ. ಎಲ್ಲರಿಗೂ ಒಳ್ಳೆಯದೇ ಆಯಿತು. ಆದರೆ ಎಷ್ಟೋ ದಿನ ನಾಲ್ಕೂವರೆಗೆ ನನಗೆ ತಾನಾಗಿ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ಅಮ್ಮ ಇನ್ನೂ ಮಲಗಿರುತ್ತಿದ್ದಳು. ಹೊರಗೆ ಆ ದಾರಿ ಯಾರೂ ಹೇಳುವವರಿಲ್ಲದೆ ಮಂಜಿನಲ್ಲಿ ಬಿದ್ದಿದೆ ಎಂದು ನೆನೆದು ಹೊದಿಕೆಯೊಳಗೆ ಅಳು ಬರುತ್ತಿತ್ತು. ನನ್ನ ಮೌನದಿಂದಲೇ ಅದು ಮುಗಿದುಹೋಯಿತಲ್ಲ.

ಮುಂದೆ ಜೇಜಿ ಹೋದಳು. ಕೆಲವು ವರ್ಷಕ್ಕೆ ಅಪ್ಪನೂ. ಅಮ್ಮನಿಗೆ ಹಗಲಿನಲ್ಲೂ ನೋಟ ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬಂತು. ನಾನು ಕೆಲಸಕ್ಕೆ ಸೇರಿದ ವರ್ಷ ಅವಳನ್ನು ಬೆಂಗಳೂರಿನ ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇದಕ್ಕೆ ಮದ್ದಿಲ್ಲ, ಇದು ವಂಶದಲ್ಲಿ ಬರುವಂಥದ್ದು ಎಂದು ಡಾಕ್ಟರು ಹೇಳಿ, ನನ್ನ ಕಣ್ಣುಗಳನ್ನೂ ಗಂಟೆಗಟ್ಟಲೆ ಪರೀಕ್ಷಿಸಿದರು. ನನಗೆ ಏನೂ ಇಲ್ಲವೆಂದು ಅವರು ಹೇಳುವವರೆಗೆ ನಾನು ಕುರ್ಚಿಯ ತುದಿಯಲ್ಲೇ ಕೂತಿದ್ದೆ. ಅಮ್ಮ ಮಾತ್ರ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, ನಿನಗೆ ಸ್ವಲ್ಪವೂ ಭಯವಾಗಲಿಲ್ಲವಾ ಎಂದು ಕೇಳಿದೆ.

"ನಂಗೆ ಅವಾಗ್ಲೇ ಗೊತ್ತಿತ್ತು ಕಣೇ," ಅಂದಳು. "ನಮ್ಮಮ್ಮಂಗೆ, ನಮ್ಮಣ್ಣಂಗೆ, ನಂಗೆ, ಎಲ್ರಿಗೂ ಎಂಟು ಹತ್ತು ವರ್ಷಕ್ಕೇ ಕತ್ಲಲ್ಲಿ ಕಾಣೋದು ನಿಂತೋಯ್ತು. ನಿಂಗೂ ಬಂದುಬಿಟ್ರೆ ಅಂತ ದಿನಾ ಎದೆ ಹೊಡ್ಕೊಳ್ಳೋದು. ದಾರಿ ನಂಗೆ ತುಳಿದೂ ತುಳಿದೂ ಅರ್ಧ ಬಾಯಿಪಾಠ ಆಗಿತ್ತು. ನೀನು ಬೆಟ್ಟದ ಮೇಲಿನ ಚುಕ್ಕಿ ಅಂತಿದ್ದೆಯಲ್ಲ, ಇವತ್ತೂ ಕಾಣ್ತೈತೆ, ಇವತ್ತೂ ಕಾಣ್ತೈತೆ ಅಂದ್ಕೊಂಡು ಪೆಡಲ್ ತುಳೀತಿದ್ದೆ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕೋಲಾರದ ಬೆಟ್ಟಗಳು ಸಂಜೆಯ ಬಿಸಿಲಿನಲ್ಲಿ ಹಾದುಹೋಗುತ್ತಿದ್ದವು. ಏನೇನು ಕಾಣುತ್ತಿದೆ ಎಂದು ಅವಳು ಆವತ್ತು ಕೇಳಲಿಲ್ಲ.

ಅಮ್ಮ ಕೊನೆಯ ಆರು ವರ್ಷ ನನ್ನ ಜೊತೆಗಿದ್ದು, ಹೋದ ಮಳೆಗಾಲದಲ್ಲಿ ತೀರಿಕೊಂಡಳು. ನಮ್ಮೂರಿನ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಜಗಲಿ ಇದ್ದ ಕಡೆ ಈಗ ಲಾರಿಗಳು ಓಡುತ್ತವೆ. ಈಚೆಗೆ ಒಂದು ದಿನ ಅಲ್ಲಿಗೆ ಹೋಗಿ ಎಷ್ಟು ಹೊತ್ತು ನಿಂತು ನೋಡಿದರೂ ನುಗ್ಗೆಮರದ ಜಾಗ ಯಾವುದೆಂದು ನನಗೆ ಗುರುತು ಸಿಗಲಿಲ್ಲ. ಆ ದಿನವೇ ಮುಳಬಾಗಿಲಿಗೆ ಹೋಗಿ ಜಮೀಲಾ ಖಾಲಾರನ್ನು ನೋಡಿ ಬಂದೆ. ಮಗಳ ಮನೆಯಲ್ಲಿದ್ದಾರೆ. ಆ ದೊಡ್ಡ ಮೈಯೆಲ್ಲ ಇಳಿದು ಮಂಚದ ಮೇಲೆ ಒಂದು ಹಿಡಿಯಾಗಿದ್ದರು, ನೆನಪು ಹಿಂದುಮುಂದಾಗಿದೆ. ನನ್ನ ಕೆನ್ನೆ ಸವರಿ, ಎಷ್ಟು ತಣ್ಣಗಿದೆ ಎಂದು ಬೈದರು. ಆಮೇಲೆ ಬಾಗಿಲ ಕಡೆ ನೋಡಿ, "ಸರೋಜಾ ಎಲ್ಲಿ?" ಎಂದು ಕೇಳಿದರು. ಅವರ ಮಗಳು ನನ್ನ ಮುಖ ನೋಡಿದಳು. "ಬರ್ತಾ ಇದ್ದಾಳೆ ಖಾಲಾ" ಎಂದೆ.

ಖಾಲಾ ಸಮಾಧಾನದಿಂದ ದಿಂಬಿಗೆ ಒರಗಿಕೊಂಡರು.

"ಮಂಜು ಜಾಸ್ತಿ ಐತೆ. ನಿಧಾನಕ್ಕೆ ಬರ್ಲಿ ಬಿಡು," ಎಂದರು. "ಒಲೆ ನಾನು ಹಚ್ಚಿದ್ದೀನಿ."