ಪಿಂಗಾಣಿ ತಟ್ಟೆಗಳ ಶಾಲೆ

ಯೇಸಿ ಪಟ್ಟಣದ ಅರ್ಮಿದಾ ಬ್ರಾಂದೋನಿಯವರು ಪುರಸಭೆಯ ಶಿಶುವಿಹಾರದ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ನಾಲ್ಕು ತಿಂಗಳು ದುಡಿದು ನಿವೃತ್ತರಾದವರು. ಇಪ್ಪತ್ತೈದು ಎಂದು ಬೀದಿಯವರು ಹೇಳುತ್ತಾರೆ, ಅದು ತಪ್ಪು. ದಿನಕ್ಕೆ ನೂರ ನಲವತ್ತು ಮಕ್ಕಳಿಗೆ ಉಣಬಡಿಸಿದ ಆ ಕೈಗೆ ಮಕ್ಕಳ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆದ್ದರಿಂದ ಮೊಮ್ಮಗಳು ಚೆಲೆಸ್ತೆಗೆ ಮೂರು ತುಂಬಿ, ಮಗ ಸೆತ್ತಿಮಿಯೊ ಮತ್ತು ಸೊಸೆ ಲೊರೆದಾನಾ ಮಾಂಟೆಸ್ಸರಿ ಶಾಲೆಯ ಮಾತೆತ್ತಿದಾಗ ಅವರು ಕೆರಳಿದ್ದು ಸಹಜವೇ.

"ಈ ಪದ್ಧತಿ ಶುರುಮಾಡಿದ ಮಾಂಟೆಸ್ಸರಿಯಮ್ಮ ಹುಟ್ಟಿದ್ದು ಇಲ್ಲೇ ಪಕ್ಕದ ಕ್ಯಾರವಾಲ್ಲೆ ಊರಲ್ಲಿ, ಅತ್ತೆ," ಎಂದಳು ಲೊರೆದಾನಾ.

"ಕ್ಯಾರವಾಲ್ಲೆಯವರು ಯಾವತ್ತಮ್ಮಾ ನೆಟ್ಟಗೆ ಒಂದು ಮಾತಾಡಿದ್ದು? ಮೂರು ವರ್ಷದ ಕೂಸಿನ ಕೈಗೆ ಪಿಂಗಾಣಿ ತಟ್ಟೆ, ಗಾಜಿನ ಲೋಟ ಕೊಡ್ತಾರಂತೆ. ಕಳಿಸಿ, ಬೇಡ ಅನ್ನಲ್ಲ. ಸಂಜೆ ನಾಲ್ಕಕ್ಕೆ ಕರ್ಕೊಂಡು ಬರೋಕೆ ಮಾತ್ರ ಬೇರೆ ಅಜ್ಜಿ ಹುಡುಕ್ಕೊಳ್ಳಿ!"

ಇದು ಬರಿಯ ಬೆದರಿಕೆಯಲ್ಲ. ಸೆತ್ತಿಮಿಯೊ ಏಳರವರೆಗೆ ಬಸ್ಸು ಓಡಿಸಬೇಕು. ಲೊರೆದಾನಾ ಔಷಧದಂಗಡಿಯಲ್ಲಿ ನಿಲ್ಲಬೇಕು. ಮೇಲಿನ ಮಹಡಿಯ ಅರ್ಮಿದಾ ಒಪ್ಪದಿದ್ದರೆ ಆ ಶಾಲೆಯ ಕನಸು ಅಲ್ಲಿಗೆ ಮುಗಿಯಿತು. ಸೆತ್ತಿಮಿಯೊಗೂ ಅಳುಕಿತ್ತು.

"ಆರು ತುಂಬಿದ್ಮೇಲೆ ಮಾಮೂಲಿ ಶಾಲೆಗೇ ಹೋಗ್ಬೇಕಲ್ಲ. ಬೆಂಚಲ್ಲಿ ಕೂರ್ತಾಳಾ ಇವಳು?"

"ಈಗ ಎಲ್ಲಿ ಕೂರ್ತಾಳೆ? ನಿಮ್ಮಮ್ಮ ಚಮಚ ಹಿಡ್ಕೊಂಡು ಮನೆಯೆಲ್ಲ ಬೆನ್ನಟ್ಟಿ ಉಣ್ಣಿಸ್ತಾರೆ!"

ಕೆಳಗಿನ ಮನೆಯವರಂತೂ ಅದು ಮಕ್ಕಳು ಮನಬಂದಂತೆ ಕುಣಿಯುವ ಶಾಲೆ ಎಂದು ಸಾರುತ್ತಿದ್ದರು. ಅವರಲ್ಲಿ ಒಬ್ಬರಾದರೂ ಅದರ ಹೊಸ್ತಿಲು ತುಳಿದಿರಲಿಲ್ಲ! ಕಾಣದ್ದನ್ನು ಕಂಡಂತೆ ಹೇಳುವುದು ಅರ್ಮಿದಾರಿಗೆ ಆಗದು. ತಾವೇ ನೋಡಿ ಬೈಯುವುದೆಂದು ತೀರ್ಮಾನಿಸಿ, ೨೦೧೩ರ ಜನವರಿ ೨೪, ಗುರುವಾರ, ಸೊಸೆ ಮೊಮ್ಮಗಳೊಂದಿಗೆ ಹೊರಟರು.

ನೋಡಲು ಬಂದ ಮಗು ಉಳಿದ ಮಕ್ಕಳೊಡನೆ ಬೆರೆಯಬಹುದು, ಪೋಷಕರು ಮಾತ್ರ ಗೋಡೆಯ ಬದಿಯ ಕುರ್ಚಿಯಲ್ಲಿ ಸುಮ್ಮನೆ ಕೂರಬೇಕು, ಯಾವುದಕ್ಕೂ ಕೈಹಾಕಬಾರದು ಎಂಬುದು ಅಲ್ಲಿನ ನಿಯಮ. ಅರ್ಮಿದಾ ಹನ್ನೊಂದು ನಿಮಿಷ ಪಾಲಿಸಿದರು. ಅಷ್ಟರಲ್ಲಿ ಚೆಲೆಸ್ತೆ ಹೂಜಿಯಿಂದ ನೀರು ಬಗ್ಗಿಸಲು ಹೋಗಿ ಮೇಜಿನ ಮೇಲೆ ಚೆಲ್ಲಿದಳು. ಉಳಿದ ಮಕ್ಕಳು ಮಾಡುವುದನ್ನು ಕಂಡಿದ್ದವಳು, ಮೂಲೆಯಲ್ಲಿದ್ದ ಒರೆಸುವ ಅರಿವೆ ತರಲು ಹೋದಳು. ಅಜ್ಜಿ ಚಂಗನೆ ಎದ್ದು, ಅಂಗಿಯ ತೋಳಿನೊಳಗೆ ಸಿಕ್ಕಿಸಿದ್ದ ಕರವಸ್ತ್ರ ಸೆಳೆದು, ಮೇಜನ್ನು ಫಳಫಳ ಒರೆಸಿಬಿಟ್ಟರು. ಅರಿವೆ ಹಿಡಿದು ಮರಳಿದ ಚೆಲೆಸ್ತೆ ಒಣಗಿದ ಮೇಜು ಕಂಡು ಸೂರು ಹಾರುವಂತೆ ಅತ್ತಳು.

"ಅದು ನಂದು! ನಾನು ಒರೆಸ್ಬೇಕಿತ್ತು!"

ಮತ್ತೆ ಹೂಜಿ ಎತ್ತಿ, ಈ ಬಾರಿ ಬೇಕೆಂದೇ ನೀರು ಸುರಿದು, ಅಜ್ಜಿಯನ್ನು ದುರುಗುಟ್ಟಿ ನೋಡುತ್ತ, ಮೂಲೆಮೂಲೆಯನ್ನೂ ಒರೆಸಿದಳು. ಮನೆಯಲ್ಲಿ ಎರಡು ನಿಮಿಷ ಒಂದೆಡೆ ನಿಲ್ಲದ ಹುಡುಗಿ!

ಅರ್ಮಿದಾ ಕೆಂಪಾದರು. ಸೋಲೊಪ್ಪದೆ ಶಿಕ್ಷಕಿಯನ್ನು ಹಿಡಿದರು.

"ಹೋದ ವರ್ಷ ಎಷ್ಟು ತಟ್ಟೆ ಒಡೆದ್ವು? ನಿಜ ಹೇಳಿ."

"ಎಂಟು, ಅಮ್ಮಾ. ಅದರಲ್ಲಿ ಮೂರು ನಾನೇ ಒಡೆದಿದ್ದು."

ಊಟದ ಹೊತ್ತಾಯಿತು. ಅಭ್ಯಾಸಬಲದಿಂದ ಅರ್ಮಿದಾ ತೋಳು ಮಡಿಸಿ ಸೌಟಿನತ್ತ ನಡೆದರು. ಬಿಳಿ ಏಪ್ರನ್ ತೊಟ್ಟ ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ಅಡ್ಡ ನಿಂತಳು.

"ಕೂತ್ಕೋ ಅಜ್ಜಿ. ಇವತ್ತು ಬಡಿಸೋ ಸರದಿ ನಂದು."

ಕೂತರು. ಹುಡುಗಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ನಾಲಿಗೆ ಕಚ್ಚಿಕೊಂಡು, ಹಬೆಯಾಡುವ ಸಾರನ್ನು ಒಂದು ಹನಿಯೂ ತುಳುಕದಂತೆ ತಂದಿಟ್ಟಳು. ಇಪ್ಪತ್ತಾರು ವರ್ಷ ನಾಲ್ಕು ತಿಂಗಳು ಅರ್ಮಿದಾ ಒಲೆಯ ಪಕ್ಕ ನಿಂತೇ ಉಂಡಿದ್ದರು. ಮನೆಯಲ್ಲೂ ಎಲ್ಲರಿಗೂ ಬಡಿಸಿದ ಮೇಲೆ, ಆರಿದ್ದನ್ನು. ಸಾರು ಬಿಸಿಯಾಗಿತ್ತು. ಅವರು ನಿಧಾನವಾಗಿ, ಕೊನೆಯ ಚಮಚದವರೆಗೆ ಉಂಡರು.

ಬೀದಿಗೆ ಬಂದೊಡನೆ ಲೊರೆದಾನಾ ಕೇಳಿದಳು. "ಏನಂತೀರಿ, ಅತ್ತೆ?"

"ಸಾರಿಗೆ ಉಪ್ಪು ಸಾಲದು. ಅಡುಗೆಯವಳಿಗೆ ಹೇಳಿಯೇ ಬಂದೆ." ಮೊಮ್ಮಗಳ ಟೋಪಿ ಸರಿಪಡಿಸಲು ಚಾಚಿದ ಕೈಯನ್ನು ಅರ್ಧಕ್ಕೇ ಹಿಂತೆಗೆದು, ಕೋಟಿನ ಜೇಬಿಗೆ ಹಾಕಿಕೊಂಡರು. "ಹೆಸರು ಬರೆಸು. ನಾಲ್ಕಕ್ಕೆ ನಾನೇ ಬರ್ತೀನಿ. ಬಾಗಿಲಾಚೆಯೇ ನಿಲ್ತೀನಿ, ಒಳಗೆ ಬಂದ್ರೆ ಕೈ ಸುಮ್ಮನಿರಲ್ಲ."