ಲಾಯರ್ ಉಚ್ಚೆಂಗಮ್ಮ ಮಣೆ ಬಿಟ್ಟು ಎದ್ದ ಮದುವೆ

ಉಚ್ಚೆಂಗಮ್ಮ ವಾದಕ್ಕೆ ನಿಂತಳೆಂದರೆ ಹೊಸಪೇಟೆ ಕೋರ್ಟಿನ ಎದುರಿನ ಚಹಾದಂಗಡಿ ಖಾಲಿಯಾಗುತ್ತಿತ್ತು. ದೊಡ್ಡ ಗಂಟಲು, ದೊಡ್ಡ ನಗು, ಅದಕ್ಕಿಂತ ದೊಡ್ಡ ಹಟ. ಟಿ.ಬಿ. ಡ್ಯಾಂ ಕಟ್ಟುವಾಗ ಕಲ್ಲು ಹೊತ್ತ ಹಂಪಯ್ಯನ ಮಗಳು ಅವಳು. ಕರಿಕೋಟು ಹಾಕಿದ ದಿನ ಅಪ್ಪ, "ಮನ್ಯಾಗ ಪುಕ್ಕಟೆ ಮಾಡ್ತಿದ್ದ ಜಗಳಕ್ಕ ಇನ್ನ ಫೀಸು ತಗಂತಾಳ" ಎಂದು ಓಣಿಗೆಲ್ಲ ಪೇಡೆ ಹಂಚಿದ್ದ. ಪಾಪ, ಫೀಸು ಎಲ್ಲಿಂದ ಬರಬೇಕು? ಬರುತ್ತಿದ್ದವರು ದೋಣಿಮಲೈ, ಸಂಡೂರಿನ ಗಣಿ ಕೂಲಿಗಳು. ಅವರ ಮುಷ್ಕರದ ಕೇಸು ಗೆದ್ದರೆ ಮನೆಗೆ ಒಂದು ಬುಟ್ಟಿ ಸೀತಾಫಲ ಬರುತ್ತಿತ್ತು. ಅವಳ ಗಂಡ ಮೇಷ್ಟ್ರು ಹಣ್ಣು ತಿಂದು ಫೀಸಿನ ಬದಲು ಬೀಜ ಎಣಿಸುತ್ತಿದ್ದ.

ಎಂಬತ್ತೆರಡರಲ್ಲಿ ಬೆಂಗಳೂರಿನ ಮಾನವ ಹಕ್ಕುಗಳ ಸಂಘವೊಂದು ಅವಳಿಗೆ ಹೊಸ ಕೆಲಸ ಒಪ್ಪಿಸಿತು. ನಲವತ್ತೆಂಟರಲ್ಲಿ ಹೊಳೆಯಾಚೆಯ ಸಂಸ್ಥಾನ ಭಾರತಕ್ಕೆ ಸೇರುವಾಗಿನ ಕಾಳಗದಲ್ಲಿ ಆ ದಂಡೆಯ ಊರುಗಳಲ್ಲಿ ಬಂದೂಕು ಹಿಡಿದವರು ಹೆಂಗಸರ ಮೇಲೆ ಎಸಗಿದ ಅತ್ಯಾಚಾರಗಳನ್ನು, ಆ ಹೆಂಗಸರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಿತ್ತು. ಬಂದೂಕು ಯಾವ ಕಡೆಯವರದು ಎಂದು ಉಚ್ಚೆಂಗಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೊಂದವರು ಯಾರಾದರೂ ಸರಿ, ಅವರ ಬಳಿ ಹೋಗಿ ಕುಳಿತಳು.

ಆದರೆ ಆಫೀಸಿನ ಕುರ್ಚಿಯಲ್ಲಿ ಯಾರು ಬಾಯಿ ಬಿಡುತ್ತಾರೆ? ಅವಳು ಸೀರೆ ಎತ್ತಿ ಕಟ್ಟಿ ಕಂಪ್ಲಿಯ ಕಾಲುವೆ ಗದ್ದೆಗೆ ನಾಟಿ ಮಾಡಲು ಇಳಿದಳು. "ಲಾಯರಮ್ಮಾ, ನಿಮ್ಮ ಸಾಲು ಸೊಟ್ಟಾಗಿ ಹೊಳಿ ದಾಟಿ ಆನೆಗೊಂದಿಗೆ ಹೊಂಟೈತಿ ನೋಡ್ರಿ!" ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ, ಬಗ್ಗಿದ ಬೆನ್ನಿನಲ್ಲೇ, ಮುಖ ನೀರಿನ ಕಡೆ ಇಟ್ಟುಕೊಂಡು, ಮೆಲ್ಲಗೆ ಮಾತಾಡಿದರು.

ಹಾಗೆ ಮಾತಾಡಿದವಳೇ ಹೊಳೆಮ್ಮ. ಹೊಸ ಮದುಮಗಳಾಗಿ ಆಚೆ ದಂಡೆಯ ತವರಿಗೆ ಹೋಗಿದ್ದಾಗ ಅವಳನ್ನು ಬಂದೂಕಿನವರು ಎಳೆದೊಯ್ದಿದ್ದರು. ತಪ್ಪಿಸಿಕೊಂಡು ಹರಿಗೋಲು ಹತ್ತಿ ಈಚೆಗೆ ಬಂದವಳ ಕೈಯನ್ನು ಗಂಡ ಹುಲುಗಪ್ಪ ಅಂದು ಹಿಡಿದವನು ಇಂದಿಗೂ ಬಿಟ್ಟಿರಲಿಲ್ಲ. ಎಲ್ಲ ಹೇಳಿದ ಹೊಳೆಮ್ಮ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಕೈ ಹಿಂದೆಗೆದಳು.

"ನಿನಗೇನು ಬೇಕು ಹೇಳು ಹೊಳೆಮ್ಮಕ್ಕ, ಸರಕಾರಕ್ಕ ಬರೀತೀನಿ."

"ಸರಕಾರ ಏನು ಮಾಡತೈತ್ರಿ? ಸೋಮವಾರ ನನ್ನ ನೆಗೆಣ್ಣಿ, ಮೈದುನನ ಹೇಂತಿ ಭರಮಮ್ಮನ ಮಗಳ ಮದಿವಿ. ಐದು ಮಂದಿ ಮುತ್ತೈದೇರನ್ನ ಮಣಿ ಮ್ಯಾಲೆ ಕುಂದ್ರಿಸಿ ಸೆರಗಿನಾಗ ಅಕ್ಕಿ, ಕೊಬ್ರಿ, ಕುಬಸದ ಕಣ ಇಟ್ಟು ಉಡಿ ತುಂಬ್ತಾರ. ನನ್ನ ಗಂಡ ಗುಂಡಕಲ್ಲಿನಂಗ ಅದಾನ. ಆದ್ರೂ ಆವತ್ತಿನಿಂದ ಒಂದು ಸಲ ನನ್ನ ಕರೀಲಿಲ್ಲ. ಮನಿಯೋರೇ ನನ್ನ ಮುತ್ತೈದಿ ಅನ್ನಲ್ಲ, ನಿಮ್ಮ ಕಾಗದದಾಗ ನಾನು ಯಾರಂತ ಬರಸ್ಲಿ?"

ಉಚ್ಚೆಂಗಮ್ಮ ಕಾಗದ ಮಡಚಿಟ್ಟು ಎದ್ದಳು. ನೇರ ಭರಮಮ್ಮನ ಮನೆಗೆ ಹೋಗಿ ಸಂವಿಧಾನವನ್ನೆಲ್ಲ ಹೇಳಿದಳು. ಭರಮಮ್ಮ ಶೇಂಗಾ ಹುರಿಯುವುದನ್ನು ನಿಲ್ಲಿಸಲೂ ಇಲ್ಲ.

"ಕಾನೂನು ನಿಮ್ಮ ಕೋರ್ಟಿನಾಗ ಇಟಗರ್ರಿ. ನಮ್ಮನ್ಯಾಗ ಬ್ಯಾಡ. ಐದು ಮಂದ್ಯಾಗ ನೀವೂ ಬಂದು ಕುಂದ್ರಿ, ಹೋಳಿಗಿ ಉಂಡು ಹೋಗ್ರಿ."

ಜಡ್ಜ್ ಎದುರೂ ಸೋಲೊಪ್ಪದ ಹೆಂಗಸು ಅಂದು ಮದುವೆಯ ಕರೆಯನ್ನಷ್ಟೇ ಹೊತ್ತು ಬಸ್ಸು ಹತ್ತಿದಳು.

ಮದುವೆ ಜೋರಾಗಿತ್ತು. ಕಾಲುವೆ ನೀರು ಕಂಡ ಮನೆ. ಮೈಕು, ಹೊಸ ಟ್ರ್ಯಾಕ್ಟರು, ನಾಲ್ಕು ಓಣಿಗೆ ಊಟ. ಹೊಳೆಮ್ಮ ಹಿತ್ತಲಲ್ಲಿ ಸಾರಿನ ಕೊಪ್ಪರಿಗೆಯ ಮುಂದಿದ್ದಳು. ಒಳಗೆ ಐದು ಮಣೆ ಹಾಕಿದರು. ಭರಮಮ್ಮ ಮೊರ ಹಿಡಿದು ಬರುವುದಕ್ಕೂ ಉಚ್ಚೆಂಗಮ್ಮ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ಯಾಕ್ರಿ ಲಾಯರಮ್ಮಾ?"

"ಈ ಮಣಿ ಹೊಳೆಮ್ಮಕ್ಕಂದು. ಆಕಿ ಕುಂದ್ರೋತನ ನಾನು ಉಡಿ ತುಂಬಿಸ್ಕಳಾಂಗಿಲ್ಲ."

ಪಕ್ಕದ ಮಣೆಯಲ್ಲಿದ್ದ, ಹೊಳೆಮ್ಮನ ಜೊತೆ ನಾಟಿಗೆ ಹೋಗುವ ಯಲ್ಲಕ್ಕ, "ಯವ್ವಾ, ನನ್ನ ಕಾಲು ಜೋಮು ಹಿಡದೈತಿ" ಎಂದು ಎದ್ದಳು. ಜಂಬಕ್ಕನಿಗೆ ಮನೆಯ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಉಳಿದಿಬ್ಬರು ನೆಪ ಹುಡುಕುವ ಗೋಜಿಗೂ ಹೋಗದೆ ಸುಮ್ಮನೆ ಎದ್ದರು. ದೋಣಿಮಲೈ ಕೂಲಿಗಳೂ ಇಷ್ಟು ಒಗ್ಗಟ್ಟಿನ ಮುಷ್ಕರ ಮಾಡಿದ್ದಿಲ್ಲ! ಮುಹೂರ್ತದ ಹೊತ್ತು ಮೀರುತ್ತದೆಂದು ಮದುವೆ ಮಾಡಿಸುವ ಅಯ್ಯನವರು ಕೂಗಿಕೊಂಡರು.

ಭರಮಮ್ಮ ಖಾಲಿ ಮಣೆಗಳನ್ನು ನೋಡಿದಳು. ಮಗಳ ಮುಖ ನೋಡಿದಳು. ಮೊರವನ್ನು ಕೆಳಗಿಟ್ಟು ಹಿತ್ತಲಿಗೆ ನಡೆದು ಹೊಳೆಮ್ಮನ ಕೈಯಿಂದ ಸೌಟು ಕಿತ್ತುಕೊಂಡಳು.

"ಏಳಕ್ಕ. ಇಷ್ಟು ಮಂದಿ ಎದ್ದಮ್ಯಾಲೆ ನಾನೊಬ್ಬಾಕಿ ಸೆಟಗಂಡು ಏನು ಸಾಧಿಸ್ಲಿ."

ಒಳಗೆ ಕರೆತಂದು ಮಣೆಯ ಮೇಲೆ ಕೂರಿಸಿ, ಸಿಟ್ಟಿನಿಂದಲೇ ಉಡಿ ತುಂಬಲು ಶುರು ಮಾಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಕಣ್ಣೀರೂ ಅಕ್ಕಿಯ ಜೊತೆ ಬೀಳುತ್ತಿತ್ತು. ಐದು ಬೊಗಸೆಗೆ ನಿಲ್ಲಿಸುವುದು ಪದ್ಧತಿ. ಮೊರ ಬರಿದಾಗುವವರೆಗೂ ಅವಳು ಸುರಿದಳು. ಬಾಗಿಲಲ್ಲಿ ನಿಂತ ಹುಲುಗಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನೆರೆದವರೆಲ್ಲ ನಗುತ್ತಿದ್ದರು, ಅಳುತ್ತಿದ್ದರು.

ಉಚ್ಚೆಂಗಮ್ಮ ಮೂಗು ಒರೆಸಿಕೊಂಡು ಹೊಳೆಮ್ಮನ ಕಿವಿಯಲ್ಲಿ ಕೇಳಿದಳು: "ಈಗರ ಹೆಬ್ಬೆಟ್ಟು ಒತ್ತೀಯೇನು ಹೊಳೆಮ್ಮಕ್ಕ?"

"ಎರಡೂ ಕೈಯಾಗ ಉಡಿ ಐತ್ರಿ, ಬಿಡಾಂಗಿಲ್ಲ," ಎಂದಳು ಹೊಳೆಮ್ಮ. ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಗೆ ತಾರದ ಹೆಂಗಸು, ಮೈಕಿನ ಸದ್ದನ್ನೂ ಮೀರಿಸಿ ಕೂಗಿ ಹೇಳಿದಳು: "ಬರಕೋರಿ. ನಾನು ಹೊಳೆಮ್ಮ. ಹುಲುಗಪ್ಪನ ಹೇಂತಿ. ಈ ಮನಿ ಹಿರೇ ಸೊಸಿ."