ಕ್ಯಾಂಟೀನಿನ ಗೋಡೆಯ ಮೇಲಿನ ಸಹಿ

ಮಾಂಸದ ಮಾದರಿಯ ಮೇಲೆ ಫಾರ್ಮಾಲಿನ್ ಸುರಿದು ಸಾಕ್ಷ್ಯವನ್ನು ಕೊಂದವರು ನೀವು. ಸಾಕ್ಷ್ಯವೇ ಇಲ್ಲವೆಂದು ನನ್ನ ಮೌಶಿಯ ಕೈಯಿಂದ ಬರೆಸಿಕೊಂಡವರೂ ನೀವೇ. ಆಹಾರ ಪರೀಕ್ಷೆಯ ಹೊಣೆ ಹೊತ್ತ ಅಧಿಕಾರಿಗಳೇ, ಆ ಕೈ ಹೇಗಿತ್ತೆಂದು ನಿಮಗೆ ನೆನಪಿರಲಾರದು.

ಬಲಗೈಯ ಮೂರು ಬೆರಳ ತುದಿಗಳು ಅಯೋಡಿನ್ ಹೀರಿ ಕಂದಾಗಿದ್ದವು. ಸರಕಾರಿ ಆಹಾರ ಪ್ರಯೋಗಾಲಯದಿಂದ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಆಕೆ ಜೋಳದ ಹಿಟ್ಟು ನಾದಲು ಕೂತರೆ, ಬೆರಳು ಊರಿದಲ್ಲೆಲ್ಲ ಬಿಳಿಯ ಹಿಟ್ಟಿನಲ್ಲಿ ಕಡುನೀಲಿ ಕಲೆಗಳು ಮೂಡುತ್ತಿದ್ದವು. ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಹಾಗಾಗುತ್ತದೆಂಬುದನ್ನು ನಾನು ಶಾಲೆಗಿಂತ ಮೊದಲು ರೊಟ್ಟಿಯಿಂದ ಕಲಿತೆ. ಕಲೆ ಬಿದ್ದ ರೊಟ್ಟಿಯನ್ನು ಆಕೆ ಯಾರಿಗೂ ಬಡಿಸುತ್ತಿರಲಿಲ್ಲ; ಆ ತುಂಡನ್ನು ಕಿತ್ತು ಒಲೆಯ ಬದಿಗಿಟ್ಟು, ಉಳಿದದ್ದನ್ನು ತಾನೇ ತಿನ್ನುತ್ತಿದ್ದಳು.

ಮೌಶಿ ನನ್ನ ತಾಯಿಯ ಅಕ್ಕ. ಮದುವೆಯಾಗಲಿಲ್ಲ. ಸನತ್‌ನಗರದ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದಳು. ಬೀದರ್ ಕಡೆಯ ಲಿಂಗಾಯತ ಮನೆತನದಲ್ಲಿ ಹುಟ್ಟಿ, ಒಂದು ದಿನವೂ ಮಾಂಸ ಬಾಯಿಗಿಡದೆ, ಜೀವಮಾನವಿಡೀ ಕೀಮಾ, ಕಬಾಬು, ಸಾಸೇಜುಗಳನ್ನು ಅರೆದು ಪರೀಕ್ಷಿಸುವುದೇ ಆಕೆಯ ನೌಕರಿಯಾಯಿತು. ಬಂಧುಗಳ ಮದುವೆಯೊಂದರಲ್ಲಿ ಆಕೆಯನ್ನು ಪಂಕ್ತಿಯ ಕೊನೆಗೆ, ಒಂದು ಎಲೆ ಖಾಲಿ ಬಿಟ್ಟು ಕೂರಿಸಿದ್ದರು. ಆಕೆ ನಗುತ್ತಲೇ ಅಂದಿದ್ದಳು: "ನಾ ಬರೇ ಮುಟ್ಟೀನ್ರಿ. ನೀವು ಪ್ಯಾಟ್ಯಾಗಿಂದ ತಂದು ಏನೇನ್ ತಿಂದೀರಿ ಅನ್ನೋದು ಮಾತ್ರ ನನಗ ಕೇಳಬ್ಯಾಡ್ರಿ." ಅನಂತರ ಆ ಸಾಲಿನಲ್ಲಿ ತುಪ್ಪಕ್ಕೆ ಕೈ ಚಾಚಿದವರು ಕಡಿಮೆ.

ನೀವು ಬರೆಸಿಕೊಂಡ ಆ ವರದಿಯ ಕಥೆ ಮೊದಲಾದದ್ದು ನನ್ನಿಂದ. ವಿಶ್ವವಿದ್ಯಾಲಯ ಸೇರಿದ ವರ್ಷ ಗೆಳತಿಯರೊಂದಿಗೆ ಗುಟ್ಟಾಗಿ ಪೊಟ್ಟಣದ ಕಬಾಬು ಹುರಿದು ತಿಂದೆ. ಮನೆಗೆ ಬಂದು ಸುಳ್ಳು ಹೇಳಲಾಗದೆ, ಉಳಿದ ಒಂದನ್ನು ಕಾಗದದಲ್ಲಿ ಸುತ್ತಿ ಮೌಶಿಯ ಮುಂದಿಟ್ಟೆ. ಬೈಗುಳ ಬರಲಿಲ್ಲ. ಆಕೆ ಅದನ್ನು ಚಮಚದ ಹಿಂಬದಿಯಿಂದ ಒಡೆದು ಒಂದು ಹನಿ ಅಯೋಡಿನ್ ಬಿಟ್ಟಳು. ತುಂಡು ನೀಲಿಯಾಗಿ, ನೋಡನೋಡುತ್ತ ಮಸಿಯಂತೆ ಕಪ್ಪಾಯಿತು.

"ನೀ ಕೆಟ್ಟಿಲ್ಲ ಬಿಡವಾ," ಅಂದಳು. "ಇದರಾಗ ಮಾಂಸಕ್ಕಿಂತ ಹಿಟ್ಟ ಭಾಳ ಐತಿ. ಆ ಪೊಟ್ಟಣದ ಮ್ಯಾಲೆ ಏನಂತ ಬರದಿತ್ತು, ಅದನ್ನ ಹೇಳು."

'ಶುದ್ಧ ಮಟನ್' ಎಂದಿತ್ತು. ಜೀಡಿಮೆಟ್ಲಾದ ಒಂದು ಘಟಕದಲ್ಲಿ ತಯಾರಾಗಿ, ಹಸಿಯಾಗಿಯೇ ಹೆಪ್ಪುಗಟ್ಟಿಸಿ ಮಾರುವ ಕಬಾಬು ಅದು. ಅಲ್ಲಿಯ ಕಾರ್ಖಾನೆಗಳ ಕ್ಯಾಂಟೀನುಗಳಿಗೂ ಅದೇ ಹೋಗುತ್ತಿತ್ತು. ಮೌಶಿ ಅಂಗಡಿಯಿಂದ ಒಂದು ಪೊಟ್ಟಣ ಕೊಂಡು ಪ್ರಯೋಗಾಲಯಕ್ಕೆ ಒಯ್ದಳು. ಗಾಜಿನ ತಟ್ಟೆಯಲ್ಲಿ ಗಂಜಿಯಂತೆ ಹೆಪ್ಪುಗಟ್ಟಿದ ಅಗರ್. ಅದರ ನಡುವಿನ ಕುಳಿಯಲ್ಲಿ ಮಾಂಸದ ರಸ, ಸುತ್ತಲಿನ ಕುಳಿಗಳಲ್ಲಿ ಒಂದೊಂದು ಪ್ರಾಣಿಯನ್ನು ಗುರುತಿಸುವ ಸೀರಮ್. ಮಾಂಸ ಯಾವ ಪ್ರಾಣಿಯದೋ ಆ ಕುಳಿಯ ದಿಕ್ಕಿಗೆ ಕೂದಲೆಳೆಯಂಥ ಬಿಳಿ ಗೆರೆ ಮೂಡುತ್ತದೆ. ಮರುದಿನ ಕುರಿಯ ಕಡೆಗೂ ಮೇಕೆಯ ಕಡೆಗೂ ಗೆರೆಯಿರಲಿಲ್ಲ. ಎಮ್ಮೆಯ ಕಡೆಗಿತ್ತು.

ಎಮ್ಮೆ ತಿಂದರೇನಾಯಿತೆಂದು ನಾನು ವಾದಿಸಿದೆ. "ಎಮ್ಮಿ ತಿನ್ನಾವರು ಎಮ್ಮಿ ಅಂತ ತಿಳದು ತಿನ್ನಲಿ," ಎಂಬುದು ಆಕೆಯ ಉತ್ತರ. "ಅದೇನು ಪಾಪ ಅಲ್ಲ. ಬಾಯಿಗೆ ಹೋಗೋದು ಏನು ಅಂತ ತಿನ್ನಾವಗ ಗೊತ್ತಿರಬೇಕು. ಅಷ್ಟಕ್ಕ ನನಗ ಕುರ್ಚಿ ಕೊಟ್ಟಾರ."

ಆದರೆ ಮೌಶಿ ಕೊಂಡು ತಂದ ಪೊಟ್ಟಣಕ್ಕೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಮಾದರಿಯನ್ನು ಆಹಾರ ಇನ್‌ಸ್ಪೆಕ್ಟರೇ ತೆಗೆದು ಮೊಹರು ಮಾಡಬೇಕು. ಆಕೆ ಬರೆದು ಕೇಳಿದಳು. ವಾರಗಳ ಬಳಿಕ ಮಾದರಿ ಬಂತು. ಜಾಡಿಯ ಮೊಹರು ಒಡೆದ ಕೂಡಲೇ ಕಣ್ಣುರಿಸುವ ವಾಸನೆ: ಹೆಣ ಕೆಡದಂತೆ ಕಾಯುವ ಅದೇ ಫಾರ್ಮಾಲಿನ್. ಮಾಂಸವೇನೋ ಕೆಟ್ಟಿರಲಿಲ್ಲ, ಆದರೆ ಅದರಲ್ಲಿ ನೆನೆದ ಮಾಂಸ ಸೀರಮ್ಮಿಗೆ ಓಗೊಡುವುದಿಲ್ಲ. ತಟ್ಟೆಯಲ್ಲಿ ಯಾವ ದಿಕ್ಕಿಗೂ ಗೆರೆ ಮೂಡಲಿಲ್ಲ. ಮಂಜುಗಡ್ಡೆಯಲ್ಲಿಟ್ಟು ಹೊಸ ಮಾದರಿ ಕಳಿಸಿರೆಂದು ಬರೆದರೆ, ಮಂಜುಗಡ್ಡೆಯ ಪೆಟ್ಟಿಗೆಗೆ ಅವಕಾಶವಿಲ್ಲವೆಂಬ ಉತ್ತರ ಬಂತು. ಹಿಟ್ಟಿನ ವಿಷಯವನ್ನಾದರೂ ಬರೆಯುತ್ತೇನೆಂದರೆ, ಪೊಟ್ಟಣದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ 'ಕಡಲೆಹಿಟ್ಟು ಸೇರಿದೆ' ಎಂದು ಅಚ್ಚಾಗಿರುವುದನ್ನು ಮೇಲಿನವರು ತೋರಿಸಿದರು. ವರದಿಯ ಅವಧಿ ಮುಗಿಯುತ್ತಿತ್ತು. ನಮೂನೆಯಲ್ಲಿ ಎರಡೇ ಸಾಲುಗಳಿದ್ದವು: ದೋಷ ಕಂಡುಬಂದಿದೆ, ದೋಷ ಕಂಡುಬಂದಿಲ್ಲ. ನೋಡಲು ಬಿಡಲಿಲ್ಲ ಎಂದು ಬರೆಯುವುದಕ್ಕೆ ಜಾಗವಿರಲಿಲ್ಲ. ಆಕೆಯ ಮೇಲಧಿಕಾರಿ ಮೇಜಿನ ಬಳಿ ನಿಂತು ಲೇಖನಿಯ ಮುಚ್ಚಳ ತೆಗೆದುಕೊಟ್ಟರಂತೆ. "ಸೈನ್ ಕರ್ ದೋ ಅಮ್ಮಾ. ಬಾತ್ ಖತಮ್."

ಮೌಶಿ ಸಹಿ ಮಾಡಿದಳು.

ಆ ಸಂಜೆ ಆಕೆ ಹಿಟ್ಟಿಗೆ ಕೈ ಹಾಕಲಿಲ್ಲ. ಅಡುಗೆ ಅವ್ವನೇ ಮಾಡಿದಳು.

ಮಾತು ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಎದುರು ಮನೆಯಲ್ಲಿ ಭಾಲ್ಕಿ ಕಡೆಯವನೊಬ್ಬನಿದ್ದ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ಭಾನುವಾರ ಖುಷಿಯಿಂದ ಬಾಗಿಲಿಗೆ ಬಂದು, ಮೌಶಿಯ ಹೆಸರು ತಮ್ಮ ಕ್ಯಾಂಟೀನಿನಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆ ಏರಿದೆಯೆಂದು ಹೇಳಿದ. ಕಬಾಬಿನ ಘಟಕದವರು ಆ ವರದಿಯ ಪ್ರತಿಯನ್ನು ತಾವು ಮಾಲು ಕಳಿಸುವ ಕಡೆಗೆಲ್ಲ ಹಂಚಿದ್ದರು.

"ಮೊದಲ ಒಂದೀಟು ಸಂಶ್ಯಾ ಇತ್ರಿ ಮೌಶಿ," ಎಂದ. "ನಿಮ್ಮ ಸಹಿ ನೋಡಿದ ಮ್ಯಾಲೆ ಬೇಫಿಕರ್ ತಿನ್ನಾಕತ್ತೀವಿ. ನಮ್ಮ ಓಣಿ ಮೌಶಿ ಸುಳ್ಳ ಬರಿಯಂಗಿಲ್ಲ ಅಂತ ಎಲ್ಲಾರಿಗೂ ನಾನ ಹೇಳೀನಿ."

ಮೌಶಿ ಅವನನ್ನು ಒಳಗೆ ಕರೆದು ಕೂರಿಸಿ, ನಡೆದದ್ದೆಲ್ಲವನ್ನೂ ಹೇಳಿದಳು. ಅವನು ತನ್ನ ಅಂಗೈ ನೋಡುತ್ತ, "ಮತ್ತ ಸಹಿ ಯಾಕ ಮಾಡಿದ್ರಿ?" ಎಂದು ಕೇಳಿದ. ಆ ಮೇಲೆ ಅವನು ಎದುರಾದರೆ ನಮಸ್ಕಾರ ಮಾಡುತ್ತಿದ್ದ. ಮೌಶಿ ಎಂದು ಕರೆಯುವುದನ್ನು ಬಿಟ್ಟ.

ತನ್ನ ಸಹಿಯನ್ನು ಹಿಂದಕ್ಕೆ ಪಡೆಯಲು ಅನುಮತಿ ಬೇಡಿ ಮೌಶಿ ಪತ್ರ ಬರೆಯತೊಡಗಿದ್ದು ಅಂದಿನಿಂದ. ಮೊದಲ ಪತ್ರಕ್ಕೆ, ಸಹಿ ಹಿಂಪಡೆಯುವ ಪದ್ಧತಿ ಇಲ್ಲವೆಂಬ ಒಂದು ಸಾಲಿನ ಉತ್ತರ ಬಂತು. ಅನಂತರದವುಗಳಿಗೆ ಅದೂ ಇಲ್ಲ. ಆಕೆಯನ್ನು ಮಾಂಸದ ವಿಭಾಗದಿಂದ ಎಬ್ಬಿಸಿ ಟಪಾಲು ನೋಂದಾಯಿಸುವ ಮೇಜಿಗೆ ಕೂರಿಸಿದರು. ತನ್ನ ಪತ್ರಗಳನ್ನು ತಾನೇ ನೋಂದಾಯಿಸಿ, ತಾನೇ ಒಳಗೆ ಕಳಿಸುವಂತಾಯಿತು. ಬೆರಳ ಕಂದು ಬಣ್ಣ ತಿಂಗಳೊಳಗೆ ಮಾಸಿತು. ರೊಟ್ಟಿಗಳು ಬೆಳ್ಳಗಾದವು.

ಕಳೆದ ಚಳಿಗಾಲದಲ್ಲಿ, ನಿವೃತ್ತಿಗೆ ಇನ್ನೂ ಕೆಲವು ತಿಂಗಳಿರುವಾಗ, ಮೌಶಿ ಹೃದಯ ನಿಂತು ತೀರಿಕೊಂಡಳು. ನಾನು ಆಕೆಯ ಟ್ರಂಕಿನಿಂದ ಪತ್ರಗಳ ಕಾರ್ಬನ್ ಪ್ರತಿಗಳನ್ನು ತೆಗೆದು ಓದಿದೆ. ಎಲ್ಲದರ ಕೊನೆಯ ವಾಕ್ಯ ಒಂದೇ: 'ನನ್ನ ಸಹಿಯನ್ನು ನಂಬಿ ಜನ ಊಟ ಮಾಡುತ್ತಿದ್ದಾರೆ, ದಯವಿಟ್ಟು ಬೇಗ ಉತ್ತರಿಸಿ.'

ಆದ್ದರಿಂದ, ಆಕೆಗೆ ಕಬಾಬಿನ ತುಂಡು ತಂದುಕೊಟ್ಟ ನಾನು, ಆ ಪತ್ರಗಳ ಪ್ರತಿಗಳನ್ನು ಈ ಬರಹದೊಂದಿಗೆ ತಮಗೆ ಕಳಿಸುತ್ತಿದ್ದೇನೆ. ಆ ವರದಿಯನ್ನು ರದ್ದುಪಡಿಸಿ, ಕ್ಯಾಂಟೀನಿನ ಗೋಡೆಯಿಂದ ಅದನ್ನು ಕೆಳಗಿಳಿಸಬೇಕು. ಅದೇ ಘಟಕದಿಂದ ಫಾರ್ಮಾಲಿನ್ ಸೋಕದ ಮಾದರಿಯನ್ನು ಮಂಜುಗಡ್ಡೆಯಲ್ಲಿ ತರಿಸಿ ಪರೀಕ್ಷಿಸಬೇಕು. ಫಲಿತಾಂಶ ಏನೇ ಬರಲಿ, ಅದನ್ನು ಅದೇ ಮೊಳೆಗೆ ತೂಗುಹಾಕಬೇಕು. ಸಹಿ ಯಾಕೆಂದು ಎದುರು ಮನೆಯ ಫಿಟ್ಟರ್ ಕೇಳಿದ ಪ್ರಶ್ನೆ, ಸಹಿ ಮಾಡಿಸಿಕೊಂಡ ತಮಗೆ ಸೇರಿದ್ದು. ಅದಕ್ಕೆ ತಮ್ಮ ಸಹಿಯುಳ್ಳ ಲಿಖಿತ ಉತ್ತರವನ್ನು ಕೊಡಬೇಕೆಂದು ವಿನಂತಿಸುತ್ತೇನೆ.